ಆರು ಮೂಲೆಯ ಪದಕ

ಟೈಲರ್ ಹೊಲಿದ ಪ್ಯಾಂಟು ಯಾವತ್ತೂ ಒಂದು ಇಂಚು ಗಿಡ್ಡ. ಇದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ತಿಳಿದವರು ಅಳತೆ ಕೊಡುವಾಗ ಸದ್ದಿಲ್ಲದೆ ತುದಿಗಾಲಲ್ಲಿ ನಿಲ್ಲುತ್ತಿದ್ದರು, ಪ್ಯಾಂಟು ಸರಿಯಾಗಿ ಕೂರುತ್ತಿತ್ತು, ಟೈಲರ್ ತನ್ನ ಕೈಗುಣಕ್ಕೆ ತಾನೇ ತಲೆದೂಗುತ್ತಿದ್ದ. ಹೀಗೆ ಎಲ್ಲರೂ ನೆಮ್ಮದಿಯಾಗಿದ್ದ ಕಾಲದಲ್ಲಿ ಬೀದಿ ಸಂಘದ ಅಧ್ಯಕ್ಷರು ಮೊದಲ ಸಲ ಅವನ ಹತ್ತಿರ ಪ್ಯಾಂಟು ಹೊಲಿಸಿದರು. ಪಾಪ, ಅವರಿಗೆ ಈ ಗುಟ್ಟನ್ನು ಯಾರೂ ಹೇಳಿರಲಿಲ್ಲ.

ಅಧ್ಯಕ್ಷರದು ಮೂಲೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಮೊಳೆ ಮಾರಿ ಮಾರಿ ಮಾತೂ ಮೊಳೆ ಹೊಡೆದ ಹಾಗೇ ಆಗಿಬಿಟ್ಟಿತ್ತು. ಹೊಸ ಪ್ಯಾಂಟು ತೊಟ್ಟುಕೊಂಡೇ ಬಂದು ಟೈಲರ್ ಅಂಗಡಿಯ ನಡುವೆ ನಿಂತರು. ಅಂಗಡಿ ಅಂದರೆ ಬೇರೇನಲ್ಲ, ಟೈಲರ್ ಮನೆಯ ಮುಂದಿನ ಕೋಣೆ.

"ಏನ್ರೀ ಟೈಲರೇ, ಇದು ಪ್ಯಾಂಟೋ ಚಡ್ಡಿಯೋ? ಕಾಲುಚೀಲದ ತೂತು ಊರಿಗೆಲ್ಲ ಕಾಣ್ತಿದೆ!"

ಟೈಲರ್ ಕಕ್ಕಾಬಿಕ್ಕಿಯಾದ. ತಪ್ಪು ಒಪ್ಪಿಕೊಳ್ಳುವುದು ಅವನ ವಂಶದಲ್ಲೇ ಇರಲಿಲ್ಲ. ಏನಾದರೂ ಹೇಳಬೇಕಲ್ಲ ಅಂತ ಆ ಕಡೆ ಈ ಕಡೆ ನೋಡಿದ, ಒಳಬಾಗಿಲ ಮೇಲೆ ತೂಗುಹಾಕಿದ್ದ ತಾತನ ಫೋಟೋ ಕಣ್ಣಿಗೆ ಬಿತ್ತು. ಅಲ್ಲಿಂದ ಶುರುವಾಯಿತು ನೋಡಿ.

"ಅದು ಮಿಲಿಟರಿ ಅಳತೆ ಸಾರ್," ಅಂದುಬಿಟ್ಟ. "ನಮ್ಮದು ಸಿಪಾಯಿ ಮನೆತನ. ಅಲ್ನೋಡಿ, ನಮ್ಮ ತಾತ. ಯುದ್ಧಕ್ಕೆ ಹೋದವನು ವಾಪಸ್ ಬರಲಿಲ್ಲ. ಪ್ಯಾಂಟು ಉದ್ದ ಇದ್ದರೆ ಕೆಸರು ಹಿಡಿಯುತ್ತೆ, ಎಡವುತ್ತೆ. ಯುದ್ಧದಲ್ಲಿ ಅರ್ಧಕ್ಕರ್ಧ ಜನ ಹೋಗಿದ್ದೇ ಉದ್ದ ಪ್ಯಾಂಟಿಂದ!"

ಅಧ್ಯಕ್ಷರು ತಲೆ ಎತ್ತಿ ನೋಡಿದರು. ಮಾಸಿದ ಫೋಟೋ. ಕತ್ತಿನವರೆಗೂ ಗುಂಡಿ ಹಾಕಿದ ಕೋಟು, ತಲೆ ಮೇಲೆ ಟೋಪಿ, ಇಪ್ಪತ್ತೈದು ಇಪ್ಪತ್ತಾರರ ತರುಣ. ಬಲಗೈ ಮೈಯಿಂದ ತುಸು ದೂರಕ್ಕೆ ಇಳಿಬಿಟ್ಟಿತ್ತು. ಎಡಗೈ ಮೊಣಕೈಯ ಹತ್ತಿರ ಮಡಿಸಿಕೊಂಡಿತ್ತು, ಅದು ಏನನ್ನೋ ಹಿಡಿದಿದೆ ಅನ್ನುವಷ್ಟರಲ್ಲಿ ಫ್ರೇಮು ಮುಗಿದುಹೋಗುತ್ತಿತ್ತು. ಎದೆಯ ಕೆಳಗೆ, ಫ್ರೇಮಿನ ಅಂಚಿಗೆ ತಾಗಿದ ಹಾಗೆ, ಬೆಳ್ಳಗೆ ಮಸುಕು ಮಸುಕಾಗಿ ನಕ್ಷತ್ರದಂಥ ಒಂದು ವಸ್ತು.

"ಅದೇನ್ರೀ ಎದೆ ಮೇಲೆ? ಪದಕಾನಾ?"

"ಮತ್ತಿನ್ನೇನು ಸಾರ್? ಆರು ಮೂಲೆ ಪದಕ. ಸುಮ್ಮಸುಮ್ಮನೆ ಯಾರಿಗೂ ಕೊಡಲ್ಲ ಅದನ್ನ."

"ಕೈಯಲ್ಲಿ?"

"ಕತ್ತಿ."

ಅಧ್ಯಕ್ಷರು ಪ್ಯಾಂಟಿನ ಮಾತು ಬಿಟ್ಟೇಬಿಟ್ಟರು. ಒಳಗಿದ್ದ ಟೈಲರನ ಹೆಂಡತಿ ಬಾಗಿಲಿಗೆ ಬಂದು ಗಂಡನ ಮುಖ ನೋಡಿದಳು. "ಇನ್ನು ನಾಲ್ಕು ದಿನ ಬಿಟ್ಟರೆ ಕೈಯಲ್ಲಿ ಫಿರಂಗಿ ಇತ್ತು ಅಂತೀರಿ," ಅಂತ ಮೆಲ್ಲಗೆ ಹೇಳಿ ಒಳಗೆ ಹೋದಳು.

ಆ ಫೋಟೋದ ವಿಷಯ ಒಂದೆರಡು ಮಾತು ಹೇಳಬೇಕು. ಅದಕ್ಕೆ ಕಟ್ಟು ಹಾಕಿ ತೂಗುಹಾಕಿದವನು ಟೈಲರನ ಅಪ್ಪ. ಅವನೂ ಟೈಲರೇ, ಈಗಿಲ್ಲ. ಆ ಫೋಟೋ ಮುಟ್ಟಲು ಅವನು ಯಾರನ್ನೂ ಬಿಟ್ಟವನಲ್ಲ. ಧೂಳು ಒರೆಸಿದರೆ ತಾನೇ ಒರೆಸಬೇಕು, ಅದೂ ಮುಖ ಬೇರೆ ಕಡೆ ತಿರುಗಿಸಿಕೊಂಡು. ಸಿಡುಕಿನ ಮನುಷ್ಯ. ಬಟ್ಟೆ ಬೇಗ ಕೊಡಿ ಅಂತ ಯಾರಾದರೂ ಅಂದರೆ ಸಾಕು, "ಒಂದು ದಿನ ಕಾಯೋಕಾಗಲ್ವಾ ನಿಮಗೆ? ಒಂದೇ ಒಂದು ದಿನ?" ಅಂತ ಕತ್ತರಿ ಕುಕ್ಕಿ ಕೂಗುತ್ತಿದ್ದ. ಬೀದಿಯಲ್ಲಿ ಹೋಗುವಾಗ ಮಾತ್ರ ತಾನು ಯಾರಿಗೂ ಕಾಯುತ್ತಿರಲಿಲ್ಲ. ಅವನು ಮುಂದೆ ಮುಂದೆ, ಮಗ ಹಿಂದೆ ಹಿಂದೆ ಓಡಬೇಕು. ಅಪ್ಪನ ಕೈ ಹೇಗಿತ್ತು ಅಂತ ಕೇಳಿದರೆ ಟೈಲರಿಗೆ ಕತ್ತರಿ ಹಿಡಿದ ಕೈಯೇ ನೆನಪಿಗೆ ಬರುತ್ತಿತ್ತು, ಇನ್ನೊಂದು ಕೈ ನೆನಪೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಧ್ಯಕ್ಷರು ಮತ್ತೆ ಬಂದರು, ಗಿಡ್ಡ ಪ್ಯಾಂಟಿನಲ್ಲೇ. ಎದೆ ಉಬ್ಬಿಸಿಕೊಂಡು ನಡೆಯುತ್ತಿದ್ದರು. ನೋಡಿದವರಿಗೆಲ್ಲ "ಮಿಲಿಟರಿ ಅಳತೆ" ಅಂತ ತಾವೇ ಹೇಳುತ್ತಿದ್ದರು.

"ಟೈಲರೇ, ತೀರ್ಮಾನ ಆಗಿದೆ. ನಿಮ್ಮ ತಾತನ ಪ್ರತಿಮೆ ನಿಲ್ಲಿಸ್ತೀವಿ. ನಮ್ಮ ಬೀದಿ ಮೂಲೇಲಿ."

ಬೀದಿ ಮೂಲೆ ಅಂದರೆ ಕಸದ ಗುಡ್ಡೆ. ಸಂಘದವರು ಬೋರ್ಡು ಹಾಕಿ ನೋಡಿದ್ದರು, ಬೇಲಿ ಹಾಕಿ ನೋಡಿದ್ದರು, ಕಾವಲಿಗೆ ಅಂತ ಒಬ್ಬನನ್ನು ಕೂರಿಸಿಯೂ ನೋಡಿದ್ದರು. ಅವನೂ ತನ್ನ ಮನೆಯ ಕಸ ಅಲ್ಲೇ ತಂದು ಹಾಕಿದ್ದ. ವೀರನ ಪ್ರತಿಮೆ ಎದುರು ಕಸ ಹಾಕಲು ಯಾರಿಗಾದರೂ ಮನಸ್ಸು ಬರುತ್ತದೆಯೇ ಅನ್ನುವುದು ಅಧ್ಯಕ್ಷರ ಲೆಕ್ಕಾಚಾರ. ವೀರ ಸಿಕ್ಕಿರಲಿಲ್ಲ, ಈಗ ಸಿಕ್ಕಿದ.

"ಆದ್ರೆ ದಾಖಲೆ ಬೇಕು," ಅಂದರು. "ಯಾವ ಪಡೆ, ಯಾವ ಯುದ್ಧ, ಯಾವ ಪದಕ, ಎಲ್ಲ ಕಲ್ಲಿನ ಮೇಲೆ ಕೆತ್ತಿಸಬೇಕು. ಸೈನ್ಯದ ದಾಖಲೆ ಕಚೇರೀಲಿ ಸಿಗುತ್ತಂತೆ. ತಗೊಂಡು ಬನ್ನಿ."

ಟೈಲರ್ ನೆಪ ಹುಡುಕತೊಡಗಿದ. ಅಷ್ಟರಲ್ಲಿ ಎದುರುಮನೆಯ ಮೀಸೆಯವರು ಹಾಜರಾದರು. ಇವರು ಸೈನ್ಯದಲ್ಲಿ ಇದ್ದು ನಿವೃತ್ತರಾದವರು. ಮೈ ಬಾಗಿತ್ತು, ಮೀಸೆ ಮಾತ್ರ ಇನ್ನೂ ಡ್ಯೂಟಿಯಲ್ಲಿತ್ತು. ಪೇಪರ್ ಓದುವ ಭೂತಗನ್ನಡಿ ತಂದು, ಟೈಲರನ ಸ್ಟೂಲ್ ಹತ್ತಿ ಫೋಟೋ ಪರೀಕ್ಷೆ ಮಾಡಿದರು.

"ಇಂಥಾ ಪದಕ ಇಲ್ಲ."

"ನಿಮ್ಮ ಕಾಲಕ್ಕೆ ನಿಲ್ಲಿಸಿರ್ತಾರೆ," ಅಂದ ಟೈಲರ್.

"ಪದಕ ಹಾಕೋದು ಎದೆ ಮೇಲೆ. ಹೊಟ್ಟೆ ಹತ್ರ ಯಾರು ಹಾಕ್ತಾರ್ರೀ?"

"ಮೇಲೆಲ್ಲ ಬೇರೆ ಪದಕ ಬರೋದಿತ್ತಲ್ಲ, ಜಾಗ ಬಿಟ್ಟಿದ್ದ."

"ಸಿಪಾಯಿಗೆ ಕತ್ತಿ ಕೊಡಲ್ಲ ಮಾರಾಯರೇ!"

"ಕೊಟ್ಟಿದ್ದು ಅಂತ ನಾನೆಲ್ಲಿ ಹೇಳ್ದೆ? ಮನೆಯಿಂದ ತಗೊಂಡು ಹೋಗಿದ್ದ."

ಮೀಸೆಯವರು ಸ್ಟೂಲಿನಿಂದ ಇಳಿದರು. ಈ ಮನುಷ್ಯ ಸೈನ್ಯದಲ್ಲಿ ಇರಬೇಕಿತ್ತು, ಎಂಥ ಶತ್ರು ಹಿಡಿದು ಕೇಳಿದರೂ ಒಂದು ನಿಜ ಬಾಯಿ ಬಿಡುತ್ತಿರಲಿಲ್ಲ ಅಂತ ಅವರು ಆಮೇಲೆ ಬೀದಿಯಲ್ಲಿ ಹೇಳಿಕೊಂಡು ತಿರುಗಿದರು.

ಈ ಗಲಾಟೆಯೆಲ್ಲ ಒಳಕೋಣೆಯಲ್ಲಿ ಕೂತಿದ್ದ ಸೋದರತ್ತೆಗೆ ಕೇಳುತ್ತಿತ್ತು. ಟೈಲರನ ಅಪ್ಪನ ತಂಗಿ ಆಕೆ, ಮದುವೆ ಮಾಡಿಕೊಳ್ಳದೆ ಅಣ್ಣನ ಅಂಗಡಿಯ ಬಟ್ಟೆಗಳಿಗೇ ಕಾಜಾ ಹಾಕಿಕೊಂಡು, ಗುಂಡಿ ತೂತು ಹೊಲಿದುಕೊಂಡು ಜೀವನ ಸವೆಸಿದವಳು. ಆಕೆಯ ಬಲಗೈಯಲ್ಲಿ ಆರು ಬೆರಳು. ಆ ಹೆಚ್ಚಿನ ಬೆರಳಿನಿಂದಲೇ ಕಾಜಾ ಅಷ್ಟು ಚೆನ್ನಾಗಿ ಬರುವುದು ಅಂತ ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಈಗ ಕಣ್ಣು ಮಂಜು. ಗುಂಡಿಗಳ ಡಬ್ಬಿ ತೊಡೆ ಮೇಲಿಟ್ಟುಕೊಂಡು, ಮುಟ್ಟಿ ನೋಡಿ ದೊಡ್ಡದು ಚಿಕ್ಕದು ಬೇರೆ ಮಾಡುತ್ತ ಕೂರುವುದೇ ಕೆಲಸ.

"ಬಾರೋ ಇಲ್ಲಿ," ಅಂತ ಕರೆದಳು. "ದಾಖಲೆ ಕಚೇರಿಗೆ ಹೋಗ್ತೀಯಂತೆ?"

"ಹೂಂ ಅತ್ತೆ. ಸ್ವಲ್ಪ ಕೆಲಸ."

"ನನಗೊಂದು ಕೇಳ್ಕೊಂಡು ಬಾ. ಅಪ್ಪ ನನ್ನ ನೋಡಿದ್ನಾ ಅಂತ."

ಟೈಲರ್ ಅವಳ ಪಕ್ಕ ಕೂತ.

"ಅವ್ವ ನನಗೆ ಬುದ್ಧಿ ಬರೋ ಮೊದಲೇ ಹೋದಳು. ಹೇಳೋನು ಅಂದ್ರೆ ನಿಮ್ಮಪ್ಪ ಒಬ್ಬನೇ. ಅಪ್ಪ ಒಂದೇ ಒಂದು ಸಲ ರಜೆ ಮೇಲೆ ಬಂದಿದ್ನಂತೆ. ಆವಾಗ ಅಣ್ಣನ್ನ ಸೋದರಮಾವನ ಊರಿಗೆ ಕಳಿಸಿದ್ರು. ಅಪ್ಪ ಬಂದಿದಾನೆ ಅಂತ ಸುದ್ದಿ ಹೋಗಿ, ಇವನು ಗಾಡಿ ಹಿಡಿದು ಮನೆಗೆ ಬರೋ ಹೊತ್ತಿಗೆ ಅಪ್ಪ ಹೋಗಿಬಿಟ್ಟಿದ್ದ. 'ಒಂದು ದಿನ ಕಾಯೋಕಾಗಲಿಲ್ಲ ಅವನಿಗೆ, ಒಂದೇ ಒಂದು ದಿನ' ಅಂತಿದ್ದ ಅಣ್ಣ. ನಾನು ಎಲ್ಲಿದ್ದೆ ಆಗ ಅಂತ ಕೇಳಿದ್ರೆ, 'ನೀನಿನ್ನೂ ಹುಟ್ಟೇ ಇರಲಿಲ್ಲ' ಅಂತ ಎದ್ದು ಹೋಗ್ತಿದ್ದ. ಅಷ್ಟೇ ನನಗೆ ಗೊತ್ತಿರೋದು. ಆದ್ರೂ ಕೇಳು. ಹುಟ್ಟಿದ ಸುದ್ದಿಯಾದ್ರೂ ಹೋಗಿತ್ತೇನೋ. ಒಂದು ಹೆಣ್ಣುಮಗು ಇದೆ ಮನೇಲಿ ಅಂತ ತಿಳ್ಕೊಂಡು ಸತ್ತನೋ, ತಿಳೀದೇ ಸತ್ತನೋ. ಅಷ್ಟು ಗೊತ್ತಾದ್ರೆ ಸಾಕು ಕಣೋ."

ಅವಳು ಇಷ್ಟು ಮಾತಾಡಿದ್ದು ಯಾವ ಕಾಲವಾಗಿತ್ತೋ. ಟೈಲರ್ ಅವಳ ತೊಡೆ ಮೇಲಿನ ಡಬ್ಬಿ ಸರಿಮಾಡಿಟ್ಟ. "ಕೇಳ್ಕೊಂಡೇ ಬರ್ತೀನಿ ಅತ್ತೆ," ಅಂದ.

ದಾಖಲೆ ಕಚೇರಿಯಲ್ಲಿ ಇದ್ದದ್ದು ಒಬ್ಬ ಅಧಿಕಾರಿಣಿ. ಹಳೇ ಕಡತದ ಧೂಳಿಗೆ ಆಕೆಗೆ ವರ್ಷಪೂರ್ತಿ ನೆಗಡಿ. ಟೈಲರ್ ತಾತನ ಹೆಸರು ಹೇಳಿದ.

"ಈ ಹೆಸರಿನೋರು ಒಂದು ಪಡೆ ಕಟ್ಟೋಷ್ಟು ಜನ ಇದಾರೆ. ಗುರುತು ಹೇಳಿ."

"ಆರು ಮೂಲೆ ಪದಕ ಬಂದಿತ್ತು."

ಆಕೆ ಸೀನಿದಳು. "ಅಂಥ ಪದಕ ಇಲ್ಲ. ತಂದೆ ಹೆಸರು, ಊರು, ಹೆಂಡತಿ ಹೆಸರು?"

ಅದನ್ನೆಲ್ಲ ಹೇಳಿದ ಮೇಲೆ ಆಕೆ ಒಳಗೆ ಹೋಗಿ, ಎಷ್ಟೋ ಹೊತ್ತಿನ ಮೇಲೆ ಮೂರು ಸಲ ಸೀನುತ್ತ ಹೊರಗೆ ಬಂದಳು. ಕೈಯಲ್ಲಿ ಒಂದು ಹಾಳೆ.

"ಇಷ್ಟೇನಾ? ಪದಕ?"

"ಇಲ್ಲ."

"ಸರಿಯಾಗಿ ನೋಡಿ ಮೇಡಂ. ಬೇರೆ ಯಾರದೋ ಹಾಳೆಗೆ ಅಂಟ್ಕೊಂಡಿರಬಹುದು."

"ಪದಕ ಅಂಟ್ಕೊಳಲ್ಲ ರೀ. ಇಲ್ಲ ಅಂದ್ರೆ ಇಲ್ಲ."

ನಕಲು ತೆಗೆಸಿಕೊಂಡು ಟೈಲರ್ ಅಲ್ಲೇ ಬೆಂಚಿನ ಮೇಲೆ ಕೂತು ಓದಿದ. ಎತ್ತರ ಐದು ಅಡಿ ಎರಡು ಇಂಚು. ಎದೆ ಮೂವತ್ತೆರಡು. ಬೀದಿಯವರಿಗೆಲ್ಲ ತಾತ ಆರಡಿ ಆಳು ಅಂತ ಬುರುಡೆ ಬಿಟ್ಟಿದ್ದ ಮನುಷ್ಯನಿಗೆ ಮುಖ ಹುಳ್ಳಗಾಗಬೇಕಿತ್ತು, ಆದರೆ ಆದದ್ದೇ ಬೇರೆ. ಎದೆ ಮೂವತ್ತೆರಡು! ಅದು ಮೀಸೆ ಮೊಳೆಯುವ ಹುಡುಗರ ಅಳತೆ. ದಿನಾ ಎಷ್ಟೋ ಜನರ ಅಳತೆ ತೆಗೆಯುವವನು ಅವನು, ತಾತನ ಅಳತೆ ಸಿಕ್ಕಿದ್ದು ಇವತ್ತೇ. ಈ ಅಳತೆಗೆ ಎಷ್ಟು ಬಟ್ಟೆ ಬೇಕು, ಭುಜ ಎಷ್ಟು, ತೋಳು ಎಷ್ಟು, ಎಲ್ಲ ಅವನಿಗೆ ತಾನಾಗಿ ಗೊತ್ತಾಗುತ್ತ ಹೋಯಿತು. ಫೋಟೋದಲ್ಲಿ ಇಷ್ಟು ವರ್ಷ ಬರೀ ಫೋಟೋ ಆಗಿದ್ದವನು ಪಕ್ಕದ ಬೆಂಚಿನಲ್ಲಿ ಬಂದು ಕೂತ ಹಾಗಾಯಿತು. ಇಷ್ಟು ಸಣ್ಣವನಾ ನೀನು ಅಂತ ಕೇಳಬೇಕು ಅನ್ನಿಸಿತು. ಕರೆದು ಒಂದು ಒಳ್ಳೆ ಅಂಗಿ ಹೊಲಿದು ಕೊಡಬೇಕು ಅನ್ನಿಸಿತು.

ಆಮೇಲೆ ಅವನ ಕಣ್ಣು ಕೆಳಗಿನ ಸಾಲಿಗೆ ಇಳಿಯಿತು: ರಜೆ ಮುಗಿದು ಒಂದು ದಿನ ತಡವಾಗಿ ಹಾಜರಾದದ್ದಕ್ಕೆ ಶಿಕ್ಷೆ. ಅದರ ಕೆಳಗೆ ಕೊನೆಯ ಸಾಲು: ಕಾಣೆಯಾಗಿದ್ದಾನೆ.

ಶಿಕ್ಷೆ! ಟೈಲರನ ಕಿವಿ ಬಿಸಿಯಾಯಿತು. ಪದಕ ಅಂತ ಹುಡುಕಿಕೊಂಡು ಬಂದರೆ ಸಿಕ್ಕಿದ್ದು ಶಿಕ್ಷೆ. ಇದನ್ನು ಕಲ್ಲಿನ ಮೇಲೆ ಕೆತ್ತಿಸುವುದು ಹೇಗೆ? ಮೀಸೆಯವರಿಗೆ ಗೊತ್ತಾದರೆ ಬೀದಿಯಲ್ಲಿ ತಲೆ ಎತ್ತಿ ತಿರುಗುವ ಹಾಗುಂಟೇ? ಹಾಳೆಯನ್ನು ಮಡಿಸಿ, ಮತ್ತೆ ಮಡಿಸಿ, ಒಳಜೇಬಿಗೆ ತುರುಕಿದ. ಆ ಗಡಿಬಿಡಿಯಲ್ಲಿ ರಜೆ ಯಾವ ವರ್ಷದ್ದು ಅಂತ ನೋಡಲೂ ಇಲ್ಲ, ಅತ್ತೆಯ ಪ್ರಶ್ನೆ ಕೇಳಲೂ ಇಲ್ಲ. ನೆನಪಾದದ್ದು ಮನೆಯ ಮೆಟ್ಟಿಲು ಹತ್ತುವಾಗ.

"ಕೇಳಿದೆಯಾ?" ಅಂದಳು ಅತ್ತೆ, ಗುಂಡಿ ಡಬ್ಬಿಯಿಂದ ಕೈ ತೆಗೆದು.

"ಅದೆಲ್ಲ ಬರೆದಿರಲ್ಲ ಅತ್ತೆ ಅಲ್ಲಿ."

"ಹೌದಲ್ವಾ," ಅಂದಳು. "ಅದನ್ನೆಲ್ಲ ಯಾರು ಬರೀತಾರೆ." ಮತ್ತೆ ಗುಂಡಿ ಆರಿಸಲು ಶುರು ಮಾಡಿದಳು. ದೊಡ್ಡದೂ ಚಿಕ್ಕದೂ ಒಂದೇ ಕಡೆ ಹಾಕುತ್ತಿದ್ದಳು. ಟೈಲರ್ ನೋಡಿದರೂ ನೋಡದವನ ಹಾಗೆ ಎದ್ದು ಮಿಷನ್ ಹತ್ತಿರ ಹೋದ.

ಅಧ್ಯಕ್ಷರಿಗೆ ಮಾತ್ರ ಒಳ್ಳೆಯ ಸುದ್ದಿಯೇ ಹೋಯಿತು. "ಎಲ್ಲ ಸರಿಯಾಗಿದೆ ಸಾರ್, ದಾಖಲೆ ಗುಪ್ತ. ಹೊರಗೆ ಕೊಡಲ್ಲಂತೆ." ಗುಪ್ತ ಅಂದ ಮೇಲೆ ಅಧ್ಯಕ್ಷರ ಗೌರವ ಇಮ್ಮಡಿಯಾಯಿತು. ಬೀದಿಯಲ್ಲಿ ಟೈಲರಿಗೆ ನಮಸ್ಕಾರಗಳು ಜಾಸ್ತಿಯಾದವು. ಹಾಲಿನವನು ಒಂದು ದಿನ ದಾರಿ ಬಿಟ್ಟು ನಿಂತ. ತುದಿಗಾಲಲ್ಲಿ ನಿಂತು ಅಳತೆ ಕೊಡುತ್ತಿದ್ದ ಗಿರಾಕಿಗಳು "ನಮಗೂ ಮಿಲಿಟರಿ ಅಳತೇನೇ ಇರಲಿ" ಅಂತ ಅಂಗಾಲು ಊರಿ ನಿಲ್ಲತೊಡಗಿದರು. ಬೀದಿ ತುಂಬ ಕಣಕಾಲುಗಳು ಕಾಣಿಸಿಕೊಂಡವು. ಟೈಲರ್ ನಗಲೂ ಆಗದೆ ಅಳಲೂ ಆಗದೆ ಓಡಾಡಿದ.

ಪ್ರತಿಮೆ ಮಾಡುವ ಕೆಲಸ ಒಪ್ಪಿಕೊಂಡವನು ಬಟ್ಟೆ ಅಂಗಡಿಗಳಿಗೆ ಬೊಂಬೆ ಮಾಡುವವನು. ಮೈ ತಯಾರಾಯಿತು, ತಲೆ ತಯಾರಾಯಿತು. ಒಂದು ಸಂಜೆ ಅವನು ಚೀಲ ಹೊತ್ತುಕೊಂಡು ಅಂಗಡಿಗೆ ಬಂದ. ಹಿಂದೆಯೇ ಅಧ್ಯಕ್ಷರು, ಅವರ ಹಿಂದೆ ಯಾರೂ ಕರೆಯದಿದ್ದರೂ ಮೀಸೆಯವರು.

"ಟೈಲರಣ್ಣ, ಎಡಗೈ ಸಮಸ್ಯೆ ಆಗಿದೆ," ಅಂದ ಬೊಂಬೆಯವನು. "ಮಡಚಿದ ಕೈ, ಒಳಗೇನೂ ಇಲ್ಲ. ಹೊಟ್ಟೆನೋವು ಬಂದವನ ಹಾಗೆ ಕಾಣ್ತಾನೆ. ನನ್ನ ಹತ್ರ ತಯಾರಿರೋ ಕೈ ಇವು." ಚೀಲದಿಂದ ಒಂದೊಂದೇ ತೆಗೆದು ಕತ್ತರಿಸುವ ಮೇಜಿನ ಮೇಲೆ ಜೋಡಿಸಿದ. "ಇದು ಕೈಚೀಲ ಹಿಡಿಯೋ ಕೈ. ಇದು ಟಾಟಾ ಮಾಡೋ ಕೈ. ಇದು ಸೊಂಟದ ಮೇಲೆ ಇಟ್ಕೊಳೋ ಕೈ, ಆದ್ರೆ ಹೆಂಗಸಿನದು."

"ಕತ್ತಿ ಕೊಡಿ," ಅಂದ ಟೈಲರ್.

"ಕೋವಿ!" ಅಂದರು ಮೀಸೆಯವರು. "ಕತ್ತಿ ಕೊಟ್ಟರೆ ನಾನು ಸಮಾರಂಭಕ್ಕೆ ಬರಲ್ಲ."

"ಬಾವುಟ ಕೊಟ್ಟರೆ ದೂರದಿಂದ ಕಾಣುತ್ತೆ," ಅಂದರು ಅಧ್ಯಕ್ಷರು. "ನನ್ನ ಅಂಗಡೀಲಿ ಪೈಪಿದೆ."

"ರೀ, ಅಷ್ಟೊಂದು ಯಾಕೆ ಕಿರುಚಾಡ್ತೀರಿ?" ಹೆಂಡತಿ ಬಾಗಿಲಿಗೆ ಬಂದಳು. "ಫೋಟೋ ಅಲ್ಲೇ ಇದೆಯಲ್ಲ, ಇಳಿಸಿ ನೋಡಿ. ಅಂಚಿನಲ್ಲಿ ಏನಾದ್ರೂ ಕಂಡೀತು."

ಎಲ್ಲರೂ ಟೈಲರನ ಮುಖ ನೋಡಿದರು. ಅಪ್ಪ ಹೋದ ಮೇಲೂ ಆ ಫೋಟೋವನ್ನು ಯಾರೂ ಇಳಿಸಿರಲಿಲ್ಲ. ಟೈಲರ್ ಸ್ಟೂಲ್ ಹತ್ತಿದ, ಒಂದು ಕ್ಷಣ ಅಪ್ಪ ಹಿಂದೆ ನಿಂತು ಕತ್ತರಿ ಕುಕ್ಕುತ್ತಾನೇನೋ ಅಂತ ಕಾದ, ಆಮೇಲೆ ಇಳಿಸಿದ.

ಹಿಂದಿನ ಹಲಗೆ ನೋಡಿ ಅಧ್ಯಕ್ಷರು ಹುಬ್ಬೇರಿಸಿದರು. "ಇದೇನ್ರೀ, ಇಷ್ಟು ಮೊಳೆ! ನಾಲ್ಕು ಮೊಳೆ ಹಿಡಿಯೋ ಕಡೆ ಹಿಡಿ ಮೊಳೆ ಹೊಡೆದಿದಾರೆ. ಇದು ಕಟ್ಟು ಹಾಕಿದ್ದಲ್ಲ, ಬೀಗ ಹಾಕಿದ್ದು." ಹಾಗೆ ಹೇಳುತ್ತ ಜೇಬಿನಿಂದ ಇಕ್ಕಳ ತೆಗೆದು ಒಂದೊಂದಾಗಿ ಕಿತ್ತರು. ಅವರ ಜೇಬಿನಲ್ಲಿ ಇಕ್ಕಳ ಯಾವತ್ತೂ ಇರುತ್ತಿತ್ತು.

ಹಲಗೆ ಬಂತು. ಫೋಟೋ ಹೊರಬಂದಿತು. ಕೆಳಗಿನ ಅರ್ಧ ಹಿಂದಕ್ಕೆ ಮಡಚಿಕೊಂಡಿತ್ತು. ಟೈಲರ್ ಮಡಿಕೆ ಬಿಡಿಸಿ ಮೇಜಿನ ಮೇಲೆ, ಕೈಗಳ ನಡುವೆ, ಅಂಗೈಯಿಂದ ಒತ್ತಿ ಸಪಾಟು ಮಾಡಿದ.

ಮಡಚಿದ ಎಡಗೈಯಲ್ಲಿ ಕತ್ತಿ ಇರಲಿಲ್ಲ, ಕೋವಿ ಇರಲಿಲ್ಲ, ಬಾವುಟವೂ ಇರಲಿಲ್ಲ. ಮೂರು ನಾಲ್ಕು ತಿಂಗಳ ಕೂಸು ಇತ್ತು. ಬಾಯಿ ತೆರೆದುಕೊಂಡು, ಮೇಲೆ ನೋಡುತ್ತ, ಒಂದು ಕೈ ಎತ್ತಿ ಅವನ ಕೋಟಿನ ಗುಂಡಿಗೆ ಚಾಚಿತ್ತು. ಫೋಟೋ ಹೊಡೆಯುವಾಗ ಕೈ ಅಲುಗಾಡಿಸಿರಬೇಕು, ಬೆರಳು ಮಸುಕಾಗಿ ಹರಡಿಕೊಂಡಿದ್ದವು. ಇಷ್ಟು ವರ್ಷ ಫ್ರೇಮಿನ ಅಂಚಿನಲ್ಲಿ ಕಾಣುತ್ತಿದ್ದದ್ದು ಆ ಕೈ.

ಮೀಸೆಯವರು ಭೂತಗನ್ನಡಿ ಹಿಡಿದರು. ತುಟಿ ಅಲ್ಲಾಡಿಸಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಆಮೇಲೆ ಭೂತಗನ್ನಡಿಯನ್ನು ಟೈಲರನ ಕೈಗೆ ಕೊಟ್ಟರು. ಆರು.

"ಏನಾಯ್ತೋ?" ಒಳಗಿನಿಂದ ಅತ್ತೆಯ ದನಿ ಬಂತು. "ಯಾಕೆ ಎಲ್ಲಾ ಇದ್ದಕ್ಕಿದ್ದ ಹಾಗೆ ಸುಮ್ಮನಾದ್ರಿ? ಫೋಟೋ ಬಿತ್ತಾ?"

ಟೈಲರ್ ಫೋಟೋ ಎತ್ತಿಕೊಂಡು ಒಳಗೆ ಹೋದ. ಉಳಿದವರು ಬಾಗಿಲಲ್ಲಿ ನಿಂತರು. ಬೊಂಬೆಯವನ ಕೈಯಲ್ಲಿ ಟಾಟಾ ಮಾಡುವ ಕೈ ಹಾಗೇ ಇತ್ತು.

"ಅತ್ತೆ, ಫೋಟೋ ಅರ್ಧ ಮಡಚಿಟ್ಟಿತ್ತು. ತಾತನ ಕೈಯಲ್ಲಿ ಮಗು ಇದೆ."

"ಯಾರ ಮಗು?"

ಜೀವಮಾನವೆಲ್ಲ ಬುರುಡೆ ಬಿಟ್ಟ ಬಾಯಿ ಒಂದು ನಿಜ ಹೇಳಬೇಕಾದಾಗ ಕೈಕೊಟ್ಟಿತು. ಅತ್ತೆಯ ಬಲಗೈ ಹಿಡಿದು, ಆರನೇ ಬೆರಳನ್ನು ಮೆಲ್ಲಗೆ ಮುಟ್ಟಿ, ಆಮೇಲೆ ಅದೇ ಬೆರಳನ್ನು ಫೋಟೋದ ಕೂಸಿನ ಕೈ ಮೇಲೆ ಇಟ್ಟ. ಭೂತಗನ್ನಡಿ ಅವಳ ಕಣ್ಣಿಗೆ ಹಿಡಿದ.

ಅವಳು ಬಹಳ ಹೊತ್ತು ನೋಡಿದಳು. ಎಷ್ಟು ಕಂಡಿತೋ, ಎಷ್ಟು ಕಾಣಲಿಲ್ಲವೋ.

"ತಲೆಗೆ ಕೈ ಕೊಟ್ಟಿದಾನೆ ನೋಡು," ಅಂದಳು ಕೊನೆಗೆ. "ಅಪ್ಪನಿಗೆ ಮಗು ಎತ್ಕೊಳೋಕೆ ಬರ್ತಿತ್ತು ಕಣೋ."

ಬಾಗಿಲಲ್ಲಿ ಅಧ್ಯಕ್ಷರು ಮೂಗು ಎಳೆದುಕೊಂಡ ಸದ್ದು ಕೇಳಿತು. ಟೈಲರ್ ಇನ್ನು ತಡೆಯಲಿಲ್ಲ. ಒಳಜೇಬಿನಿಂದ ಹಾಳೆ ತೆಗೆದ. "ಅತ್ತೆ, ನಾನು ಸುಳ್ಳು ಹೇಳಿದೆ. ಬರೆದಿತ್ತು. ತಾತನಿಗೆ ಪದಕ ಗಿದಕ ಏನೂ ಬಂದಿಲ್ಲ. ರಜೆ ಮುಗಿದ ಮೇಲೆ ಒಂದು ದಿನ ತಡವಾಗಿ ಹೋಗಿದಾನೆ. ಶಿಕ್ಷೆ ಆಗಿದೆ. ನನಗೆ ಮರ್ಯಾದೆ ಹೋಗುತ್ತೆ ಅಂತ ಬಚ್ಚಿಟ್ಟೆ."

ಮೀಸೆಯವರು ಹಾಳೆ ಕಸಿದುಕೊಂಡು ಓದಿದರು. "ಅಜ್ಜಿ, ನೀವು ಹುಟ್ಟಿದ್ದು?"

"ಯುದ್ಧ ಶುರುವಾದ ಮರುವರ್ಷ."

"ರಜೆಯೂ ಅದೇ ವರ್ಷ." ಮೀಸೆಯವರ ದನಿ ತಗ್ಗಿತ್ತು. "ಯುದ್ಧ ನಡೀವಾಗ ಒಂದು ದಿನ ತಡ ಅಂದ್ರೆ ಏನು ಅಂತ ಗೊತ್ತೇನ್ರೀ ನಿಮಗೆಲ್ಲ? ಬೆನ್ನ ಮೇಲೆ ಹೊರೆ ಹೊರಿಸಿ ಬಿಸಿಲಲ್ಲಿ ಓಡಿಸ್ತಾರೆ, ಬೀಳೋವರೆಗೆ. ಎಲ್ಲ ಗೊತ್ತಿದ್ದೇ ತಡ ಮಾಡಿದಾನೆ ಈ ಮನುಷ್ಯ." ಹಾಳೆಯನ್ನು ಮೊದಲಿದ್ದ ಹಾಗೇ ಮಡಿಸಿದರು. "ನಾನು ಒಂದು ದಿನವೂ ತಡ ಮಾಡಿದವನಲ್ಲ. ಮಗಳು ಹುಟ್ಟಿದಾಗಲೂ ಮಾಡಲಿಲ್ಲ."

"ನಿಮಗೋಸ್ಕರ ನಿಂತಿದಾನೆ ಅಜ್ಜಿ," ಅಂದರು ಅಧ್ಯಕ್ಷರು, ಕಣ್ಣೊರೆಸಿಕೊಂಡು. "ಆ ಒಂದು ದಿನ ನಿಮಗೋಸ್ಕರ."

ಅತ್ತೆ ತಲೆ ಆಡಿಸಿದಳು. "ಅಲ್ಲ. ನಾನು ಕೈಯಲ್ಲೇ ಇದ್ದೆನಲ್ಲ. ನನಗ್ಯಾಕೆ ಕಾಯಬೇಕು?"

ಫೋಟೋದ ಮೇಲೆ ಕೈ ಆಡಿಸುತ್ತ ಬಲಗಡೆಗೆ ಬಂದಳು. "ಈ ಕಡೆ ಏನಿದೆಯೋ? ಇನ್ನೊಂದು ಕೈಯಲ್ಲಿ?"

"ಏನೂ ಇಲ್ಲ ಅತ್ತೆ. ಖಾಲಿ. ಸ್ವಲ್ಪ ಕೆಳಕ್ಕೆ ಚಾಚಿದಾನೆ, ಅಷ್ಟೇ."

"ಎಷ್ಟು ಕೆಳಕ್ಕೆ?"

ಟೈಲರ್ ಅಳತೆಗಾರನ ಕಣ್ಣಿಂದ ನೋಡಿದ. ಏಳೆಂಟು ವರ್ಷದ ಹುಡುಗನ ಕೈ ಸಿಗುವಷ್ಟು ಕೆಳಕ್ಕೆ. ಅತ್ತೆಯ ಕೈ ಹಿಡಿದು ನೆಲದಿಂದ ಅಷ್ಟು ಎತ್ತರಕ್ಕೆ ಇಟ್ಟು ತೋರಿಸಿದ.

"ಅಣ್ಣನಿಗೆ ಕಾದಿದಾನೆ," ಅಂದಳು ಅತ್ತೆ. "ಗಾಡಿ ಬರುತ್ತೆ, ಮಗ ಬರ್ತಾನೆ ಅಂತ ಒಂದು ದಿನ ಕಾದಿದಾನೆ. ಅದಕ್ಕೂ ಮೀರಿ ಕಾಯೋಕಾಗದೆ ಹೋಗಿದಾನೆ. ಇವನು ಬಂದ, ಅಪ್ಪ ಇರಲಿಲ್ಲ. ಆಮೇಲೆ ಫೋಟೋ ಬಂತು. ಫೋಟೋದಲ್ಲಿ ನಾನಿದ್ದೆ, ತಾನಿರಲಿಲ್ಲ. ಎಂಟು ವರ್ಷದ ಹುಡುಗ ಇನ್ನೇನು ಮಾಡ್ತಾನೆ? ಮಡಚಿಬಿಟ್ಟ." ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. "ನನಗೆ ಯಾವತ್ತೂ ಸಿಟ್ಟಿಲ್ಲ ಅವನ ಮೇಲೆ. ಆದ್ರೆ ಜೀವ ಇರೋವರೆಗೂ ಅಪ್ಪ ನನಗೆ ಕಾಯಲಿಲ್ಲ, ಕಾಯಲಿಲ್ಲ ಅಂತ ಉರ್ಕೊಂಡನಲ್ಲೋ. ಕಾದಿದ್ದ ಕಣೋ. ಅದನ್ನ ಒಬ್ಬರೂ ಹೇಳಲಿಲ್ಲವಲ್ಲ ಅವನಿಗೆ."

ಹೆಂಡತಿ ಬಂದು ಅತ್ತೆಯ ಪಕ್ಕ ಕೂತಳು. ಮೀಸೆಯವರು ಯಾರಿಗೂ ಹೇಳದೆ ಬೀದಿ ದಾಟಿ ಮನೆಗೆ ಹೋದರು. ದೂರದೂರಿನ ಮಗಳಿಗೆ ಫೋನ್ ಮಾಡಿ, ಏನೂ ವಿಷಯವಿಲ್ಲದೆ ಬಹಳ ಹೊತ್ತು ಮಾತಾಡಿದರು ಅಂತ ಆಮೇಲೆ ತಿಳಿಯಿತು.

ಮರುದಿನ ಬೆಳಿಗ್ಗೆ ಬೊಂಬೆಯವನೂ ಅಧ್ಯಕ್ಷರೂ ಅಂಗಡಿಯ ಮುಂದೆ ನಿಂತಿದ್ದರು. ಪ್ರತಿಮೆ ಬೇಡ ಬಿಡಿ ಸಾರ್, ಪದಕ ಇಲ್ಲ, ಯುದ್ಧದ ಕಥೆ ಇಲ್ಲ, ಅವನು ಆರಡಿಯೂ ಇಲ್ಲ ಅಂತ ಟೈಲರ್ ಹೇಳಿದ.

"ಸುಮ್ನಿರ್ರೀ," ಅಂದರು ಅಧ್ಯಕ್ಷರು. "ಕತ್ತಿ ಹಿಡಿದವನ ಎದುರು ಜನ ಕಸ ಹಾಕಿದ್ರೂ ಹಾಕಿಯಾರು. ಕೂಸು ಎತ್ಕೊಂಡು ನಿಂತವನ ಎದುರು ಹಾಕ್ತಾರೇನ್ರೀ?"

"ಮಕ್ಕಳ ಬಟ್ಟೆ ಅಂಗಡಿಗೆ ಮಾಡಿದ ಕೂಸು ಒಂದು ನನ್ನ ಹತ್ರ ಇದೆ," ಅಂದ ಬೊಂಬೆಯವನು. "ಒಂದು ಬೆರಳು ಹೆಚ್ಚಿಗೆ ಅಂಟಿಸಿದ್ರಾಯ್ತು. ಬಲಗೈ ಮಾತ್ರ ಬಣಬಣ ಅನ್ನುತ್ತೆ. ಅದಕ್ಕೇನಾದ್ರೂ ಹಿಡಿಸಲಾ? ಕೋವಿ?"

"ಬೇಡ." ಟೈಲರ್ ಇಷ್ಟು ಗಟ್ಟಿಯಾಗಿ ಯಾವ ಗಿರಾಕಿಗೂ ಬೇಡ ಅಂದವನಲ್ಲ. "ಆ ಕೈ ಖಾಲಿ ಇರಲಿ. ಅದು ನಮ್ಮಪ್ಪಂದು."

ಪ್ರತಿಮೆ ನಿಂತಿತು. ಐದು ಅಡಿ ಎರಡು ಇಂಚು, ಎದೆ ಮೂವತ್ತೆರಡು, ಬೊಂಬೆಯವನು ಮೈಯನ್ನು ಮತ್ತೆ ಮಾಡಿದ್ದ, ದಾಖಲೆಯಲ್ಲಿ ಇದ್ದ ಹಾಗೇ. ಪ್ಯಾಂಟಿನ ಮಾದರಿಗೆ ಬೊಂಬೆಯವನು ಟೈಲರ್ ಹೊಲಿದದ್ದನ್ನೇ ತೆಗೆದುಕೊಂಡಿದ್ದರಿಂದ ತಾತನ ಕಣಕಾಲು ಕಾಣುತ್ತಿತ್ತು, ಅದಕ್ಕೇನೂ ಮಾಡುವ ಹಾಗಿರಲಿಲ್ಲ. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದರು. ಅವಳು ಪ್ಲಾಸ್ಟರ್ ಕೂಸಿನ ಕೈ ಮುಟ್ಟಿ ಬೆರಳು ಎಣಿಸಿ, ಸರಿಯಾಗಿದೆ ಅಂದಳು. ಕಸ ಹಾಕುವುದು ನಿಂತಿತೋ ಅಂದರೆ ಪೂರ್ತಿ ನಿಲ್ಲಲಿಲ್ಲ, ಕೂಸಿಗೆ ಕಾಣದ ಹಾಗೆ ಪ್ರತಿಮೆಯ ಹಿಂದೆ ಹಾಕುತ್ತಿದ್ದರು.

ಒಂದು ಬೆಳಿಗ್ಗೆ, ಬೀದಿ ಇನ್ನೂ ಏಳುವ ಮೊದಲು, ಟೈಲರ್ ಬಟ್ಟೆ ತುಂಡೊಂದು ಹಿಡಿದುಕೊಂಡು ಧೂಳು ಒರೆಸಲು ಹೋದ. ಟೋಪಿ ಒರೆಸಿದ, ಭುಜ ಒರೆಸಿದ, ಕೂಸಿನ ಮುಖ ಒರೆಸಿದ. ಕೊನೆಗೆ ಬಲಗೈಗೆ ಬಂದ. ಒರೆಸುವುದು ಮುಗಿದ ಮೇಲೂ ಕೈ ಬಿಡಲಿಲ್ಲ. ಆ ಕಡೆ ಈ ಕಡೆ ನೋಡಿದ, ಯಾರೂ ಇರಲಿಲ್ಲ. ಮೊಣಕಾಲು ಸ್ವಲ್ಪ ಬಗ್ಗಿಸಿದ, ಎತ್ತರ ಸರಿಹೋಯಿತು. "ತಾತ ಕಾದಿದ್ನಂತೆ ಅಪ್ಪಾ," ಅಂದ ಮೆಲ್ಲಗೆ. "ನಿನಗೆ ಕಾದಿದ್ನಂತೆ."

"ಏನ್ರೀ ಟೈಲರೇ!" ಅಂಗಡಿ ಬಾಗಿಲು ತೆಗೆಯುತ್ತಿದ್ದ ಅಧ್ಯಕ್ಷರು ಕೂಗಿದರು. "ಬೆಳಬೆಳಗ್ಗೆ ಮೊಣಕಾಲು ಬಗ್ಗಿಸ್ಕೊಂಡು ಏನು ಮಾಡ್ತಿದೀರಿ ಅಲ್ಲಿ?"

"ಅಳತೆ ತಗೋತಿದ್ದೆ ಸಾರ್," ಅಂದ ಟೈಲರ್, ಕೈ ಬಿಡದೆ.

"ಸರಿ ಸರಿ. ನನ್ನ ಇನ್ನೊಂದು ಪ್ಯಾಂಟು ಇವತ್ತು ಕೊಡ್ತೀನಿ ಅಂದಿದ್ರಿ. ರೆಡಿ ಇದೆಯಾ?"

ಟೈಲರ್ ಮೂಗು ಒರೆಸಿಕೊಂಡ.

"ಒಂದು ದಿನ ಕಾಯ್ತೀರಾ ಸಾರ್," ಅಂದ. "ಒಂದೇ ಒಂದು ದಿನ."